ಬಕೆಟ್ ಹಿಡಿಯದೆ ಪ್ರೊಫೆಸರ್ ಹತ್ತಿರ ಹೋಗೋದು ಹೇಗೆ?

ಪ್ರಶ್ನೆ: ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಓದಿನಲ್ಲಿ ಪರವಾಗಿಲ್ಲ, ಮಾತು ಮಾತ್ರ ಕಡಿಮೆ. ಹಿಂದಿನ ಬೆಂಚಲ್ಲಿ ಕೂತು ನೋಟ್ಸ್ ಬರೆದುಕೊಂಡು ಎದ್ದು ಬರುವವಳು. ಈಗ ಪಿಎಚ್‌.ಡಿ.ಗೆ ಅರ್ಜಿ ಹಾಕಬೇಕು, ಇಬ್ಬರು ಪ್ರೊಫೆಸರ್‌ಗಳ ಶಿಫಾರಸು ಪತ್ರ ಬೇಕು. ಅವರಿಗೆ ನನ್ನ ಹೆಸರೂ ಗೊತ್ತಿರಲಿಕ್ಕಿಲ್ಲ. ಸದಾ ಚೇಂಬರ್ ಬಾಗಿಲಲ್ಲಿ ನಿಂತಿರುವ ಕೆಲವರನ್ನು ನಾವೇ ‘ಬಕೆಟ್’ ಅಂತ ಆಡಿಕೊಂಡಿದ್ದೇವೆ, ಈಗ ನಾನೇ ಹೋಗಿ ಅಲ್ಲಿ ನಿಲ್ಲೋದಾ? ಒಮ್ಮೆ ಪರೀಕ್ಷೆಗೆ ಯಾವ ಪಾಠ ಬರುತ್ತದೆ ಅಂತ ಕೇಳೋಕೆ ಹೋದಾಗ ಒಬ್ಬರು ತಲೆ ಎತ್ತದೆ ‘ಸಿಲಬಸ್ ನೋಡಿ’ ಅಂದಿದ್ದರು. ಅರ್ಜಿಗೆ ಇನ್ನು ನಾಲ್ಕು ತಿಂಗಳಿದೆ. ತಡವಾಯಿತಾ?

ಉತ್ತರ: ತಡ ಆಗಿಲ್ಲ. ನಾಲ್ಕು ತಿಂಗಳು ಸಾಕು, ಇವತ್ತೇ ಶುರು ಮಾಡಿದರೆ.

ಮೊದಲು ಆ ಬಕೆಟ್ ವಿಷಯ ಮುಗಿಸೋಣ, ನಿಮ್ಮನ್ನು ತಡೆದಿರೋದು ಅದೇ ಅಲ್ವಾ? ಬಾಗಿಲಲ್ಲಿ ನಿಂತವರೆಲ್ಲ ಹೊಗಳೋಕೆ ಬಂದವರಲ್ಲ, ಅವರಲ್ಲಿ ಕೆಲವರು ನಿಜವಾಗಿ ಡೌಟ್ ಕೇಳೋಕೆ ಹೋದವರೇ ಇರಬೇಕು, ನೀವೆಲ್ಲ ಸೇರಿ ಸುಮ್ನೆ ನಕ್ಕಿದ್ದೀರಿ. ಹೊಗಳೋಕೆ ಬಂದವರು ಮೇಷ್ಟ್ರ ಬಗ್ಗೆ ಮಾತಾಡುತ್ತಾರೆ, ಕಲಿಯೋಕೆ ಬಂದವರು ಪಾಠದ ಬಗ್ಗೆ. ವರ್ಷಗಟ್ಟಲೆ ಪಾಠ ಮಾಡಿದವರಿಗೆ ಇದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಇಷ್ಟಾದ ಮೇಲೂ ಮುಜುಗರ ಅನ್ನಿಸಿದರೆ, ಮಾರ್ಕ್ಸ್ ಬಂದು ಆದಮೇಲೆ ಹೋಗಿ. ಕಳೆದ ಸೆಮಿಸ್ಟರ್‌ನ ಉತ್ತರ ಪತ್ರಿಕೆಯಲ್ಲಿ ನೀವು ಎಲ್ಲಿ ಎಡವಿದಿರಿ ಅಂತ ಈಗ ಕೇಳಿದರೆ ಅದರಿಂದ ಒಂದು ಅಂಕವೂ ಸಿಗೋದಿಲ್ಲ. ಆಗ ಯಾರು ಏನು ಅಂದುಕೊಳ್ಳಬೇಕು ಹೇಳಿ?

ಇನ್ನು ‘ಸಿಲಬಸ್ ನೋಡಿ’ ಅಂದ ಪ್ರೊಫೆಸರ್. ಒಪ್ಪುತ್ತೇನೆ, ತಲೆ ಎತ್ತಿ ಹೇಳಬಹುದಿತ್ತು. ಆದರೆ ಅದೇ ಪ್ರಶ್ನೆಯನ್ನು ಆ ವಾರ ಅವರಿಗೆ ಎಷ್ಟು ಜನ ಕೇಳಿದ್ದರೋ. ಅವರು ನಿಮ್ಮನ್ನು ತಳ್ಳಿಹಾಕಲಿಲ್ಲ, ಆ ಪ್ರಶ್ನೆಯನ್ನು ತಳ್ಳಿಹಾಕಿದರು. ಮುಂದಿನ ಸಲ ಹೋಗುವಾಗ ನೀವು ಅರ್ಧ ಬಿಡಿಸಿ ನಿಂತುಹೋದ ಲೆಕ್ಕವನ್ನು ಹಾಳೆಯಲ್ಲಿ ತಗೊಂಡು ಹೋಗಿ. ‘ಮೇಡಂ, ಇಲ್ಲಿವರೆಗೆ ಬಂತು, ಈ ಸಾಲಿನಿಂದ ಆ ಸಾಲಿಗೆ ಹೇಗೆ ಬಂದಿದ್ದಾರೆ ಅಂತ ಹೊಳೀತಿಲ್ಲ’ ಅನ್ನಿ. ನಾನು ನೋಡಿದಂತೆ ಇಂಥ ಪ್ರಶ್ನೆಗೆ ಸಿಡುಕುವ ಅಧ್ಯಾಪಕರು ಕಡಿಮೆ. ಅವರಿಗೂ ಅದೇ ತಾನೇ ಇಷ್ಟದ ವಿಷಯ! ಹತ್ತು ನಿಮಿಷದಲ್ಲಿ ಎದ್ದು ಬನ್ನಿ. ಒಂದು ವಾರದ ನಂತರ, ಅವರು ಹೇಳಿದ್ದನ್ನು ಮಾಡಿ ನೋಡಿದೆ, ಹೀಗೆ ಬಂತು ಅಂತ ತಿಳಿಸಿ. ಈ ಎರಡನೇ ಭೇಟಿಯನ್ನೇ ಎಲ್ಲರೂ ಮರೆಯುತ್ತಾರೆ, ಹೆಸರು ನೆನಪಲ್ಲಿ ಉಳಿಯೋದು ಮಾತ್ರ ಅದರಿಂದಲೇ.

ಎದುರಿಗೆ ಮಾತು ಬರಲ್ಲ ಅಂದರೆ ಮೇಲ್ ಬರೆಯಿರಿ. ವಿಷಯದ ಸಾಲಲ್ಲಿ ಪೇಪರ್ ಹೆಸರು ಹಾಕಿ. ನೀವು ಯಾರು, ಯಾವ ಸೆಮಿಸ್ಟರ್, ಏನು ಪ್ರಶ್ನೆ, ಯಾವಾಗ ಬರಬಹುದು, ಇಷ್ಟು ಐದಾರು ಸಾಲಲ್ಲಿ ಮುಗಿಯಲಿ. ಒಂದು ವಾರ ಉತ್ತರ ಬರದಿದ್ದರೆ ಇನ್ನೊಂದು ಸಲ ಬರೆಯಿರಿ, ಅದರಲ್ಲಿ ತಪ್ಪಿಲ್ಲ. ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್ ಮೆಸೇಜ್ ಮಾತ್ರ ಬೇಡ.

ಯಾವ ಇಬ್ಬರು ಅನ್ನೋದು ಮುಖ್ಯ. ವಿಭಾಗದಲ್ಲಿ ದೊಡ್ಡ ಹೆಸರಿರುವವರ ಹಿಂದೆ ಎಲ್ಲರೂ ಓಡುತ್ತಾರೆ. ‘ಈಕೆ ನನ್ನ ವಿದ್ಯಾರ್ಥಿನಿ, ಒಳ್ಳೆಯವಳು, ಅಂಕ ಇಷ್ಟು’ ಅಂತ ಅವರು ಎರಡು ಸಾಲು ಬರೆದುಕೊಟ್ಟರೆ ಏನು ಪ್ರಯೋಜನ? ಅಂಕ ಹೇಗೂ ಮಾರ್ಕ್ಸ್ ಕಾರ್ಡಲ್ಲೇ ಇರುತ್ತದೆ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಅಧ್ಯಾಪಕರು ನಿಮ್ಮ ಲ್ಯಾಬ್ ಕೆಲಸ ನೋಡಿದ್ದರೆ, ಪ್ರಯೋಗ ಕೆಟ್ಟಾಗ ನೀವು ಕಾರಣ ಹುಡುಕಿದ ರೀತಿ ನೋಡಿದ್ದರೆ, ಅವರು ಬರೆಯುವ ಒಂದು ಪುಟಕ್ಕೆ ತೂಕ ಜಾಸ್ತಿ. ನಿಮ್ಮ ಪ್ರಾಜೆಕ್ಟ್ ಗೈಡ್ ಒಬ್ಬರಾಗಲಿ. ಇನ್ನೊಬ್ಬರು, ನಿಮಗೆ ನಿಜವಾಗಿ ಇಷ್ಟವಾದ ಪೇಪರ್ ಪಾಠ ಮಾಡಿದವರು. ಅವರ ಒಂದು ಸಂಶೋಧನಾ ಲೇಖನ ಹುಡುಕಿ ಓದಿ, ಪೂರ್ತಿ ಅರ್ಥ ಆಗದಿದ್ದರೂ ಪರವಾಗಿಲ್ಲ, ಮೊದಲ ಭಾಗ ಓದಿ ಒಂದು ಪ್ರಶ್ನೆ ಹುಟ್ಟಿದರೆ ಸಾಕು.

ಇದು ಬರೀ ಪತ್ರದ ವಿಷಯ ಅಂದುಕೊಳ್ಳಬೇಡಿ. 2014ರಲ್ಲಿ ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯ ಸೇರಿ 30,000ಕ್ಕೂ ಹೆಚ್ಚು ಪದವೀಧರರ ಸಮೀಕ್ಷೆ ಮಾಡಿದ್ದವು. ಓದಿನ ಹುಮ್ಮಸ್ಸು ಹುಟ್ಟಿಸಿದ ಒಬ್ಬ ಪ್ರೊಫೆಸರ್, ತಮ್ಮನ್ನು ಮನುಷ್ಯರಂತೆ ಕಂಡ ಅಧ್ಯಾಪಕರು, ಕನಸಿಗೆ ಬೆನ್ನು ತಟ್ಟಿದ ಒಬ್ಬ ಮಾರ್ಗದರ್ಶಕ, ಈ ಮೂರೂ ಸಿಕ್ಕಿತ್ತು ಅಂತ ಖಚಿತವಾಗಿ ಹೇಳಿದವರು ಶೇ 14 ಮಾತ್ರ. ಹೀಗೆ ಸಿಕ್ಕವರು ಮುಂದೆ ಕೆಲಸದಲ್ಲಿ ಮನಸ್ಸಿಟ್ಟು ತೊಡಗಿಕೊಂಡಿರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚಿತ್ತು. ಯಾವುದು ಕಾರಣ, ಯಾವುದು ಪರಿಣಾಮ ಅಂತ ಸಮೀಕ್ಷೆಯೊಂದರಿಂದ ಹೇಳೋಕಾಗಲ್ಲ, ನಿಜ. ಆದರೂ ಹಿಂದಿನ ಬೆಂಚಿನಿಂದ ಎದ್ದು ಬರೋಕೆ ಇಷ್ಟು ಕಾರಣ ಸಾಲದಾ?

ಒಂದು ಎಚ್ಚರಿಕೆ. ಪಾಠಕ್ಕೂ ಪತ್ರಕ್ಕೂ ಸಂಬಂಧವಿಲ್ಲದ ಮನೆಗೆಲಸ ಹೇಳುವವರು, ಪತ್ರ ಬೇಕಾದರೆ ಹೊರಗೆಲ್ಲಾದರೂ ಸಿಗೋಣ ಅನ್ನುವವರು ಇರುತ್ತಾರೆ. ಅಂಥವರ ಪತ್ರವೇ ಬೇಡ. ವಿಭಾಗದ ಮುಖ್ಯಸ್ಥರಿಗೋ ದೂರು ಸಮಿತಿಗೋ ಹೇಳಿ. ಭೇಟಿ ವಿಭಾಗದಲ್ಲೇ ಇರಲಿ, ಕೆಲಸದ ಹೊತ್ತಿನಲ್ಲೇ ಇರಲಿ.

ಪತ್ರ ಕೇಳೋದು ಕೊನೆ ದಿನಾಂಕಕ್ಕೆ ಕಡೇಪಕ್ಷ ಒಂದು ತಿಂಗಳ ಮುಂಚೆ. ‘ಪತ್ರ ಕೊಡ್ತೀರಾ’ ಅಂತ ಕೇಳಬೇಡಿ, ‘ನನ್ನ ಬಗ್ಗೆ ಗಟ್ಟಿಯಾಗಿ ಬರೆಯುವಷ್ಟು ನಿಮಗೆ ನನ್ನ ಕೆಲಸ ಗೊತ್ತು ಅನ್ನಿಸುತ್ತಾ’ ಅಂತ ಕೇಳಿ. ಇಲ್ಲ ಅನ್ನೋಕೆ ಅವರಿಗೂ ದಾರಿ ಇರುತ್ತದೆ, ಅರೆಮನಸ್ಸಿನ ಪತ್ರ ನಿಮಗೂ ತಪ್ಪುತ್ತದೆ. ಹೂಂ ಅಂದರೆ ಬಯೋಡೇಟಾ, ಎಲ್ಲೆಲ್ಲಿಗೆ ಅರ್ಜಿ, ಕೊನೆ ದಿನಾಂಕ, ಅವರ ಕ್ಲಾಸಲ್ಲಿ ನೀವು ಮಾಡಿದ ಕೆಲಸ ಎಲ್ಲ ಒಂದೇ ಮೇಲ್‌ನಲ್ಲಿ ಕಳಿಸಿ. ಎಷ್ಟೋ ಕಡೆ ಪತ್ರವನ್ನು ನೀವು ಕೊಡುವಂತಿಲ್ಲ, ಲಿಂಕ್ ನೇರ ಅವರ ಮೇಲ್‌ಗೇ ಹೋಗುತ್ತದೆ, ಕೆಲವೊಮ್ಮೆ ಸ್ಪ್ಯಾಮ್‌ಗೂ ಹೋಗುತ್ತದೆ. ಕೊನೆ ದಿನಕ್ಕೆ ಒಂದು ವಾರ ಇರುವಾಗ ನೆನಪಿಸಿ.