ಓದುಗರ ಪ್ರಶ್ನೆ: ಫೋಟೋದಿಂದ ಹೊರಗುಳಿದ ಅಕೌಂಟೆಂಟ್

ಹಿಂದಿನ ಸಂಚಿಕೆಯಲ್ಲಿ, ಫ್ರಾನ್ಸಿಸ್ ವೆಬೇರ್ ಬರೆದು ನಿರ್ದೇಶಿಸಿದ 2001ರ ಫ್ರೆಂಚ್ ಹಾಸ್ಯಚಿತ್ರ ‘ಲೆ ಪ್ಲಕಾರ್’ ಅನ್ನು ಬಿಡುವಾದಾಗ ನೋಡಿ ಎಂದಿದ್ದೆ. ನೋಡಿದವರ ಪತ್ರಗಳು, ಅದರಲ್ಲೂ ನಮ್ಮ ಉತ್ತರ ಕನ್ನಡದವರ ಪತ್ರಗಳು ಸಾಕಷ್ಟು ಬಂದಿರುವುದರಿಂದ ಈ ಸಲದ ಪುಟ ಅದಕ್ಕೇ ಮೀಸಲು. ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕಾಂಡೋಮ್ ತಯಾರಿಸುವ ಕಾರ್ಖಾನೆಯಲ್ಲಿ ಅಕೌಂಟೆಂಟ್ ಆಗಿರುವ ಫ್ರಾಂಸ್ವಾ ಪಿನ್ಯೋಂ ಎಂಬ ಸಪ್ಪೆ ಮನುಷ್ಯನಿಗೆ, ತನ್ನನ್ನು ಕೆಲಸದಿಂದ ತೆಗೆಯಲಿದ್ದಾರೆ ಎಂಬ ಮಾತು ಕಿವಿಗೆ ಬೀಳುತ್ತದೆ. ಹೆಂಡತಿ ಬಿಟ್ಟುಹೋಗಿದ್ದಾಳೆ, ಹದಿಹರೆಯದ ಮಗ ಮುಖ ಕೊಟ್ಟು ಮಾತನಾಡುವುದಿಲ್ಲ. ಬಾಲ್ಕನಿಯಿಂದ ಹಾರಲು ಹೊರಟವನನ್ನು ನೆರೆಮನೆಯ ವೃದ್ಧ ಬೆಲೋನ್ ತಡೆದು ಒಂದು ಉಪಾಯ ಹೂಡುತ್ತಾನೆ: ಪಿನ್ಯೋಂ ಸಲಿಂಗಪ್ರೇಮಿ ಎಂಬಂತೆ ತೋರಿಸುವ, ಜೋಡಿಸಿ ಮಾಡಿದ ಫೋಟೋಗಳು ಕಳಿಸಿದವರ ಹೆಸರಿಲ್ಲದೆ ಕಚೇರಿಗೆ ತಲುಪುತ್ತವೆ. ಕೆಲಸ ಉಳಿಯುತ್ತದೆ.

ಪ್ರಶ್ನೆ: ಸಲಿಂಗಪ್ರೇಮಿಗಳನ್ನು ನಗೆಗೀಡು ಮಾಡಿ ನಗಿಸುವ ಚಿತ್ರವಲ್ಲವೇ ಇದು? ತಾವು ಇದನ್ನು ಹೊಗಳಿದ್ದು ಸರಿಯೇ? (ಕಾರವಾರ)

ಉತ್ತರ: ನಗು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಸ್ವಲ್ಪ ಗಮನಿಸಿ. ನಡಿಗೆ ಬದಲಿಸಬೇಡ, ಬಟ್ಟೆ ಬದಲಿಸಬೇಡ, ನಿನ್ನೆ ಹೇಗಿದ್ದೆಯೋ ಇಂದೂ ಹಾಗೇ ಇರು ಎಂಬುದೇ ಬೆಲೋನ್ ಹಾಕುವ ಷರತ್ತು. ಡ್ಯಾನಿಯಲ್ ಒತೊಯ್ ಆ ಪಾತ್ರವನ್ನು ಹಾಗೆಯೇ ಅಭಿನಯಿಸಿದ್ದಾರೆ. ಅದೇ ತಗ್ಗಿಸಿದ ತಲೆ, ಅದೇ ಮೆಲುದನಿ. ಆದರೆ ಇಷ್ಟು ಕಾಲ ಅವನನ್ನು ಮೇಜು ಕುರ್ಚಿಗಳ ಲೆಕ್ಕಕ್ಕೆ ಸೇರಿಸಿದ್ದ ಸಹೋದ್ಯೋಗಿಗಳಿಗೆ ಈಗ ಅವನು ಕೈ ಎತ್ತಿದರೂ ಅರ್ಥ, ಇಳಿಸಿದರೂ ಅರ್ಥ. ನಾವು ನಗುವುದು ಆ ಕಣ್ಣುಗಳನ್ನು ನೋಡಿ. ಇದಕ್ಕಿಂತ ಹರಿತವಾದದ್ದು ಇನ್ನೊಂದಿದೆ. ಕಂಪನಿ ಅವನನ್ನು ಉಳಿಸಿಕೊಳ್ಳುವುದು ಕರುಣೆಯಿಂದಲ್ಲ, ನ್ಯಾಯಬುದ್ಧಿಯಿಂದಲೂ ಅಲ್ಲ. ತಾನು ಮಾರುವ ಸರಕಿಗೆ ಸಲಿಂಗಪ್ರೇಮಿಗಳು ದೊಡ್ಡ ಗಿರಾಕಿಗಳು, ಅವರು ಮುನಿಸಿಕೊಂಡರೆ ವ್ಯಾಪಾರ ಕೆಡುತ್ತದೆ ಎಂಬ ಅಂಜಿಕೆಯಿಂದ. ಪೂರ್ವಗ್ರಹ ಎಲ್ಲಿಯೂ ಹೋಗಿಲ್ಲ, ಲೆಕ್ಕಪುಸ್ತಕದ ಕೆಳಗೆ ಮುಚ್ಚಿಕೊಂಡು ಕುಳಿತಿದೆ. ಬೆಲೋನ್ ಸ್ವತಃ ಸಲಿಂಗಪ್ರೇಮಿ. ಇಪ್ಪತ್ತು ವರ್ಷಗಳ ಹಿಂದೆ ಅದೇ ಕಾರಣಕ್ಕೆ ಕೆಲಸ ಕಳೆದುಕೊಂಡವನು. ತನ್ನ ನೌಕರಿಯನ್ನು ನುಂಗಿದ ಕಾರಣವೇ ಇನ್ನೊಬ್ಬನ ನೌಕರಿಯನ್ನು ಉಳಿಸುವುದನ್ನು ಅವನು ಕುಳಿತು ನೋಡುತ್ತಾನೆ, ಮತ್ತು ನಿರ್ದೇಶಕರು ಅದನ್ನು ಅಳುಬುರುಕು ಮಾಡದೆ ಒಂದೆರಡು ಮಾತಿನಲ್ಲಿ ದಾಟಿಸುತ್ತಾರೆ.

ನಿಮ್ಮ ಆಕ್ಷೇಪದಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ ಕಡೆಯದು. ಇಷ್ಟೆಲ್ಲ ಗದ್ದಲದ ನಡುವೆ ನಿಜವಾದ ಸಲಿಂಗಪ್ರೇಮಿಯಾಗಿ ನಮ್ಮ ಮನಸ್ಸಿನಲ್ಲಿ ಉಳಿಯುವವನು ಬೆಲೋನ್ ಒಬ್ಬನೇ. ಅವನೂ ಉಪಾಯ ಹೇಳಿಕೊಡುವ ಮಂತ್ರಿಯ ಪಾತ್ರಕ್ಕೆ ನಿಂತುಬಿಡುತ್ತಾನೆ, ಅವನ ಸ್ವಂತ ಬದುಕು ಬಾಗಿಲಾಚೆಗೇ ಉಳಿಯುತ್ತದೆ.

ಪ್ರಶ್ನೆ: ಒಂದು ಗಾಳಿಸುದ್ದಿಯಿಂದ ಕಚೇರಿಯ ನಡವಳಿಕೆಯೇ ಒಂದು ದಿನದಲ್ಲಿ ಬದಲಾಗುವುದು ನಂಬಲು ಕಷ್ಟ. (ಯಲ್ಲಾಪುರ)

ಉತ್ತರ: ನನಗೆ ಕಷ್ಟವಾಗಲಿಲ್ಲ. ಘಟ್ಟದ ಮೇಲಿನ ಸಿದ್ದಾಪುರದಿಂದ ಇಳಿದು ಬಂದು ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದಾಗ ನನಗೆ ಸಿಕ್ಕಿದ್ದು ಮಳೆಗಾಲದಲ್ಲಿ ಇರಚಲು ಹೊಡೆಯುವ ಕಿಟಕಿಯ ಪಕ್ಕದ ಜಾಗ ಮತ್ತು ಒಂದು ಕೈ ಮುರಿದ ಕುರ್ಚಿ. ಆಷಾಢದಲ್ಲಿ ಫೈಲುಗಳ ಮೇಲೆ ಹಳೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ ಬರೆಯುತ್ತಿದ್ದೆ. ಮೂರನೆಯ ತಿಂಗಳಿಗೆ ಹೊಸ ಮೇಲಧಿಕಾರಿ ಬಂದರು. ಅವರ ಹೆಸರಿನ ಕೊನೆಗೂ ಹೆಗಡೆ, ನನ್ನ ಹೆಸರಿನ ಕೊನೆಗೂ ಹೆಗಡೆ. ಶಿರಸಿ, ಸಿದ್ದಾಪುರ ಕಡೆ ಒಂದು ಕಲ್ಲೆಸೆದರೆ ಅದು ಹೆಗಡೆಯರ ಮನೆಯ ಹಂಚಿಗೇ ಬೀಳುತ್ತದೆ ಎಂಬುದು ಕರಾವಳಿಯವರಿಗೆ ತಿಳಿಯದ ಸಂಗತಿಯೇನಲ್ಲ. ಆದರೂ ನಾನು ಅವರ ಅಕ್ಕನ ಮಗ ಎಂದು ಯಾರೋ ಹೇಳಿದರು, ಎಲ್ಲರೂ ನಂಬಿದರು. ಮರುದಿನವೇ ಕುರ್ಚಿ ಬದಲಾಯಿತು, ಮೇಜು ಒಳಗೋಡೆಗೆ ಸರಿಯಿತು, ಚಹಾ ಮೊದಲು ನನ್ನ ಬಳಿಗೇ ಬರತೊಡಗಿತು, ಒಮ್ಮೆ ಕೇಳದೆಯೇ ಬನ್ಸ್ ಕೂಡ ಬಂತು. ನಾನು ಅಲ್ಲ ಎಂದಷ್ಟೂ ಅದನ್ನು ವಿನಯವೆಂದು ತಿಳಿದರು. ಎರಡು ತಿಂಗಳ ಮೇಲೆ ಸಂಬಂಧವಿಲ್ಲವೆಂಬುದು ಖಚಿತವಾಯಿತು. ಕುರ್ಚಿ ಉಳಿಯಿತು, ಚಹಾ ಮಾತ್ರ ಸರದಿಯ ಕೊನೆಗೆ ಹೋಯಿತು. ಇವೆರಡರ ನಡುವೆ ನನ್ನ ಕೆಲಸದಲ್ಲಿ ಕಿಂಚಿತ್ತೂ ವ್ಯತ್ಯಾಸವಿರಲಿಲ್ಲ. ಅಲ್ಲ ಎಂದು ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಪ್ರಶ್ನೆ: ಪಿನ್ಯೋಂ ಎಂಬ ಹೆಸರು ವೆಬೇರ್ ಅವರ ಬೇರೆ ಚಿತ್ರಗಳಲ್ಲೂ ಬರುತ್ತದೆ. ಎಲ್ಲರೂ ಒಬ್ಬನೇ ವ್ಯಕ್ತಿಯೇ? ಚಿತ್ರದ ಹೆಸರಿನ ಅರ್ಥವೇನು? (ಶಿರಸಿ)

ಉತ್ತರ: ವ್ಯಕ್ತಿ ಬೇರೆ, ಜಾಯಮಾನ ಒಂದೇ. 1998ರ ‘ಲೆ ದಿನೆ ದ ಕೋಂ’ ಚಿತ್ರದಲ್ಲಿ ಜಾಕ್ ವಿಲ್ರೆ, 2006ರ ‘ಲಾ ದುಬ್ಲ್ಯೂರ್’ ಚಿತ್ರದಲ್ಲಿ ಗಾದ್ ಎಲ್ಮಾಲೆ ಇದೇ ಹೆಸರಿನ ಪಾತ್ರ ಮಾಡಿದ್ದಾರೆ. ಮೊದಲನೆಯದರ ಕಥೆ 2007ರಲ್ಲಿ ‘ಭೇಜಾ ಫ್ರೈ’ ಆಗಿ ಹಿಂದಿಗೂ ಬಂದದ್ದು ನಿಮಗೆ ನೆನಪಿರಬಹುದು. ‘ಪ್ಲಕಾರ್’ ಎಂದರೆ ಗೋಡೆಯ ಕಪಾಟು. ಅದರಿಂದ ಹೊರಬರುವುದೆಂದರೆ ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಳ್ಳುವುದು ಎಂಬುದು ಹಲವರಿಗೆ ಗೊತ್ತು. ಆದರೆ ನೌಕರನೊಬ್ಬನನ್ನು ಕಪಾಟಿಗೆ ಹಾಕುವುದೆಂದರೆ ಫ್ರೆಂಚಿನಲ್ಲಿ, ಕೆಲಸ ಕೊಡದೆ ಬದಿಗಿಡುವುದು, ನಮ್ಮ ಮಾತಿನಲ್ಲಿ ಮೂಲೆಗುಂಪು ಮಾಡುವುದು ಎಂಬ ಅರ್ಥವೂ ಇದೆ. ಪಿನ್ಯೋಂ ಎರಡನೆಯ ಕಪಾಟಿನಿಂದ ಪಾರಾಗಲು ಮೊದಲನೆಯದರ ಬಾಗಿಲನ್ನು ಬಳಸುತ್ತಾನೆ.

ಪ್ರಶ್ನೆ: ನಮ್ಮ ವಿರಾಟಪರ್ವವೂ ಇದೇ ಅಲ್ಲವೇ? (ಕುಮಟಾ)

ಉತ್ತರ: ಬಹಳ ಮಟ್ಟಿಗೆ ಹೌದು, ಅದೂ ಒಂದು ಉದ್ಯೋಗಸ್ಥಳದ ಕಥೆಯೇ. ಐವರು ಅಣ್ಣತಮ್ಮಂದಿರು ಮತ್ತು ದ್ರೌಪದಿ ಸುಳ್ಳು ಪರಿಚಯ ಹೇಳಿ ಒಂದೇ ಅರಮನೆಯಲ್ಲಿ ನೌಕರಿಗೆ ಸೇರುತ್ತಾರೆ. ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ರಾಜಕುಮಾರ ಉತ್ತರನ ಜಂಬಕ್ಕೆ ನಕ್ಕು ನಕ್ಕು ಸುಸ್ತಾದ ಮೇಲೆ ಒಂದು ಗಳಿಗೆ ಬರುತ್ತದೆ. ಮಗನ ಗೆಲುವನ್ನು ವಿರಾಟ ಕೊಂಡಾಡುವಾಗ, ಬೃಹನ್ನಳೆ ಸಾರಥಿಯಾದ ಮೇಲೆ ಗೆಲ್ಲದೇ ಇರುವುದುಂಟೇ ಎಂದು ಕಂಕ, ಅಂದರೆ ವೇಷ ಮರೆಸಿದ ಧರ್ಮರಾಯ, ಹೇಳುತ್ತಾನೆ. ನಪುಂಸಕನೆಂದು ತಾನು ತಿಳಿದವರಿಗೆ ಆ ಹೆಗ್ಗಳಿಕೆ ಸಲ್ಲುವುದನ್ನು ರಾಜ ಸಹಿಸಲಾರ. ಕೈಯಲ್ಲಿದ್ದ ದಾಳವನ್ನೇ ಎಸೆಯುತ್ತಾನೆ, ಕಂಕನ ಮುಖದಿಂದ ನೆತ್ತರು ಒಸರುತ್ತದೆ. ಆ ಏಟಿನಲ್ಲಿ ಇರುವಷ್ಟು ಪೂರ್ವಗ್ರಹ ಫ್ರೆಂಚ್ ಕಾರ್ಖಾನೆಯ ಇಡೀ ಪಡೆಯಲ್ಲಿ ಇಲ್ಲ. ಆದರೆ ಒಂದು ಭೇದವನ್ನು ಮರೆಯಬಾರದು: ಬೃಹನ್ನಳೆಯ ವೇಷ ಕಳಚಿದಾಗ ಒಳಗೆ ಅರ್ಜುನನಿದ್ದಾನೆ, ಹಾಗಾಗಿ ವಿರಾಟನ ನಾಚಿಕೆಗೆ ದೊಡ್ಡ ಹೆಸರಿನ ಆಸರೆ ಸಿಗುತ್ತದೆ. ಪಿನ್ಯೋಂನ ಒಳಗೆ ಇರುವವನು ಪಿನ್ಯೋಂ ಮಾತ್ರ. ಆಟದಲ್ಲಿ ಸ್ತ್ರೀವೇಷ ಮಾಡುವ ಕಲಾವಿದರನ್ನು ಬೆಳಗಿನ ಬಸ್ಸಿನಲ್ಲಿ ಕಂಡಾಗ ಕೆಲವರು ಆಡುವ ಮಾತುಗಳನ್ನು ಕೇಳಿದವರಿಗೆ, ರಂಗಸ್ಥಳದ ಹೊರಗೆ ಯಾವ ಅರ್ಜುನನೂ ರಕ್ಷಣೆಗೆ ಬರುವುದಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಪಿನ್ಯೋಂನನ್ನು ಗೇಲಿ ಮಾಡುತ್ತಿದ್ದ ಸಹೋದ್ಯೋಗಿ ಸಾಂತಿನಿಯ ಮೇಲೆ ಕೊನೆಗೆ ನನಗೆ ಮರುಕ ಹುಟ್ಟಿತು. ಇದು ತಪ್ಪೇ? (ಹೊನ್ನಾವರ)

ಉತ್ತರ: ತಪ್ಪಲ್ಲ, ಜೆರಾರ್ ದೆಪಾರ್ದಿಯು ಅಭಿನಯದ ಹೆಚ್ಚುಗಾರಿಕೆಯೇ ಅದು. ಪಿನ್ಯೋಂನೊಡನೆ ಸ್ನೇಹ ಬೆಳೆಸದಿದ್ದರೆ ನಿನ್ನ ಕೆಲಸ ಹೋಗುತ್ತದೆ ಎಂದು ಸಹೋದ್ಯೋಗಿಗಳು ಕುಚೇಷ್ಟೆಗೆ ಹೆದರಿಸಿದ್ದನ್ನು ನಂಬಿ, ಆ ದಢೂತಿ ರಗ್ಬಿ ಆಸಾಮಿ ಗುಲಾಬಿ ಬಣ್ಣದ ಸ್ವೆಟರ್ ಉಡುಗೊರೆ ಕೊಡುವವರೆಗೆ ಹೋಗುತ್ತಾನೆ, ಮನೆಯಲ್ಲಿ ಹೆಂಡತಿಯ ಸಂಶಯಕ್ಕೂ ಗುರಿಯಾಗುತ್ತಾನೆ, ಕಡೆಗೆ ಮನಸ್ಸಿನ ಹದವೇ ತಪ್ಪುತ್ತದೆ. ಹೆದರಿಸಿ ಕಲಿಸಿದ ಸೌಜನ್ಯದ ಗತಿ ಹಾಗೆಯೇ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಒಬ್ಬರ ಬಗ್ಗೆ ಇಂಥದೇ ಪಿಸುಮಾತು ನಡೆದಿದೆ. ಅವರನ್ನು ನೇರವಾಗಿ ಕೇಳಿ, ಬೆಂಬಲ ಹೇಳಲೇ? (ಅಂಕೋಲಾ)

ಉತ್ತರ: ದಯವಿಟ್ಟು ಕೇಳಬೇಡಿ. ನಿಜವಿದ್ದರೆ ಹೇಳಬೇಕೋ ಬೇಡವೋ ಎಂಬುದು ಅವರ ಹಕ್ಕು, ಸುಳ್ಳಿದ್ದರೆ ನಿಮ್ಮ ಬೆಂಬಲವೇ ಪಿಸುಮಾತಿಗೆ ಮೊಹರು ಒತ್ತಿದಂತಾಗುತ್ತದೆ. ವಯಸ್ಕರು ಪರಸ್ಪರ ಒಪ್ಪಿಗೆಯಿಂದ ಹೊಂದುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. ಚಹಾದ ಹೊತ್ತಿನಲ್ಲಿ ಯಾರಾದರೂ ಕಾನೂನಿನ ಮಾತು ಎತ್ತಿದರೆ ಅದನ್ನು ಹೇಳಿ. ಉಳಿದಂತೆ ಊಟಕ್ಕೆ ಹೋಗುವಾಗ ಮೊದಲು ಅವರನ್ನು ಕರೆಯುತ್ತಿದ್ದಿರಾದರೆ ಈಗಲೂ ಕರೆಯಿರಿ, ಕರೆಯುತ್ತಿರಲಿಲ್ಲವಾದರೆ ಈಗ ಹಠಾತ್ತನೆ ಅಕ್ಕರೆ ಸುರಿಯಬೇಡಿ. ಆ ಗುಲಾಬಿ ಸ್ವೆಟರ್ ನೆನಪಿರಲಿ.

ಪ್ರಶ್ನೆ: ಹದಿನೈದರ ಮಗನ ಜೊತೆ ಕುಳಿತು ನೋಡಬಹುದೇ? (ಗೋಕರ್ಣ)

ಉತ್ತರ: ಕಾರ್ಖಾನೆಯ ಸರಕು ಯಾವುದೆಂದು ಮೊದಲೇ ಹೇಳಿದ್ದೇನೆ, ಮೆರವಣಿಗೆಯ ದೃಶ್ಯದಲ್ಲಿ ಪಿನ್ಯೋಂನ ತಲೆಯ ಮೇಲಿನ ಟೋಪಿಯೂ ಅದೇ ಆಕಾರದ್ದು, ಕೊನೆಯ ಕಡೆಗೆ ಕಾರ್ಖಾನೆಯಲ್ಲೇ ನಡೆಯುವ ಒಂದು ಶೃಂಗಾರ ಪ್ರಸಂಗವೂ ಇದೆ. ಅದಕ್ಕೆ ನೀವು ಸಿದ್ಧರಿದ್ದರೆ ಧಾರಾಳವಾಗಿ ನೋಡಿ. ಆ ಟೋಪಿ ತೊಟ್ಟು ಕುಳಿತ ಅಪ್ಪನನ್ನು ಟಿವಿಯಲ್ಲಿ ಕಂಡ ಮಗನ ಮುಖದಲ್ಲಿ ಮೊದಲ ಬಾರಿಗೆ ಕುತೂಹಲ ಮೂಡುತ್ತದೆ. ಚಿತ್ರ ಶುರುವಾಗುವುದು ಕಂಪನಿಯ ಗುಂಪು ಫೋಟೋದಿಂದ. ಚೌಕಟ್ಟಿನಲ್ಲಿ ಎಲ್ಲರೂ ಹಿಡಿಸದೆ ಪಿನ್ಯೋಂ ತಾನಾಗಿ ಹೊರಗುಳಿಯುತ್ತಾನೆ. ಕೊನೆಗೆ ಮತ್ತೆ ಅದೇ ಫೋಟೋ ತೆಗೆಯುವಾಗ ಅವನು ಏನು ಮಾಡುತ್ತಾನೆಂಬುದನ್ನು ನಾನು ಹೇಳುವುದಿಲ್ಲ, ಮಗನನ್ನೇ ಕೇಳಿ.