ಚಳಿ ಊರಲ್ಲಿ ಕುಂಡದ ಬೆಣ್ಣೆಹಣ್ಣು: ಮೊದಲು ನೀರು ನಿಲ್ಲಿಸಿ

ಅಕ್ಕಾ, ನೀವು ಹಾಕಿದ ಫೋಟೋ ನೋಡಿದೆ. ಅಂಗಡಿಯಿಂದ ತಂದ ಹಾಸ್ ತಳಿಯ ಬೆಣ್ಣೆಹಣ್ಣಿನ (ಅವಕಾಡೊ) ಬೀಜ ಮೊಳೆಸಿ ಮೂರಡಿ ಬೆಳೆಸಿದ್ದೀರಿ. ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಚಳಿ ಶುರುವಾದ ಮೇಲೆ ಎಲೆಯ ತುದಿ ಕಂದಾಗಿ ಉದುರ್ತಿದೆ, ಅದಕ್ಕೇ ಕೋಣೆ ಬಿಸಿ ಮಾಡುವ ರೇಡಿಯೇಟರ್ ಪಕ್ಕ ಇಟ್ಟು ದಿನಾ ನೀರು ಹಾಕ್ತಿದ್ದೀನಿ ಅಂದಿದ್ದೀರಿ. ದಯವಿಟ್ಟು ಆ ನೀರು ಇವತ್ತೇ ನಿಲ್ಲಿಸಿ. ಮನೆಯೊಳಗಿರುವ ಗಿಡವನ್ನು ಕೊಲ್ಲೋದು ಬಹುತೇಕ ಚಳಿಯಲ್ಲ, ಚಳಿಗಾಲದ ಒದ್ದೆ ಮಣ್ಣು.

ಬೆಣ್ಣೆಹಣ್ಣಿನ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತೆ, ಅದಕ್ಕೆ ಗಾಳಿ ಆಡಬೇಕು. ಡಿಸೆಂಬರಿನಲ್ಲಿ ಅಲ್ಲಿ ಹಗಲು ಎಂಟು ಗಂಟೆಯೂ ಇರಲ್ಲ. ಬೆಳಕಿಲ್ಲದಾಗ ಬೇರು ನೀರೆಳೆಯೋದು ಕಮ್ಮಿ, ಹಾಕಿದ್ದೆಲ್ಲ ಕುಂಡದಲ್ಲೇ ನಿಲ್ಲುತ್ತೆ. ಬೇರು ಕೊಳೆಸುವ ಫೈಟಾಫ್ತೋರಾ ಅನ್ನೋ ರೋಗಾಣುವಿಗೆ ಇಷ್ಟು ಸಾಕು. ನಮ್ಮ ಕೊಡಗಿನ ಕಡೆ ಮಳೆಗಾಲದಲ್ಲಿ ನೀರು ನಿಲ್ಲುವ ಜಾಗದಲ್ಲಿ ಈ ಮರ ಹಾಕಲ್ಲ, ಕಾರಣ ಇದೇ. ಕ್ಯಾಲಿಫೋರ್ನಿಯಾದಲ್ಲಿದ್ದ ಮೂಲ ಹಾಸ್ ಮರವೂ ಬೇರು ಕೊಳೆತೇ 2002ರಲ್ಲಿ ಹೋಯ್ತು. ಬೇರು ಕೊಳೆತ ಗಿಡ ಎಲೆ ಜೋತು ಹಾಕುತ್ತೆ, ನಾವು ಬಾಯಾರಿದೆ ಅಂದ್ಕೊಂಡು ಇನ್ನೊಂದು ಚೊಂಬು ಸುರೀತೀವಿ.

ಈಗ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ಒದ್ದೆ ತಗುಲಿದರೆ ಬುಡ ಹಿಡಿದು ಕುಂಡ ಓರೆ ಮಾಡಿ, ಮಣ್ಣಿನ ಹೆಂಟೆ ಸಮೇತ ಮೆಲ್ಲಗೆ ಹೊರತೆಗೆಯಿರಿ. ಸಣ್ಣ ಬೇರುಗಳು ಕೆನೆ ಬಣ್ಣದಲ್ಲಿ ಗಟ್ಟಿಯಾಗಿದ್ದರೆ ಭಯವಿಲ್ಲ, ಹಾಗೇ ವಾಪಸ್ ಇಟ್ಟು ಒಣಗಲು ಬಿಡಿ. ಕಪ್ಪಾಗಿ, ಮುಟ್ಟಿದರೆ ಮುರಿದು ಬರ್ತಿದ್ದರೆ ಶುಭ್ರವಾದ ಕತ್ತರಿಯಲ್ಲಿ ಅಷ್ಟನ್ನೂ ತೆಗೆದು ಹೊಸ ಮಣ್ಣಿಗೆ ಹಾಕಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕಾಂಪೋಸ್ಟ್, ಉಳಿದದ್ದು ಪರ್ಲೈಟ್ (ಮಣ್ಣು ಸಡಿಲ ಮಾಡುವ ಹಗುರ ಬಿಳಿ ಹರಳು) ಮತ್ತು ಮರದ ತೊಗಟೆ ಚೂರು. ಉಳಿದ ಬೇರಿಗೆ ತಕ್ಕಷ್ಟೇ ದೊಡ್ಡದಾದ ಕುಂಡ ಸಾಕು, ಮಣ್ಣಿನದ್ದಾದರೆ ಒಳ್ಳೇದು. ದೊಡ್ಡ ಕುಂಡಕ್ಕೆ ಹಾಕೋ ಆಸೆ ಬೇಡ, ಬೇರಿಲ್ಲದ ಕಡೆಯ ಮಣ್ಣು ವಾರಗಟ್ಟಲೆ ಒದ್ದೆ ಇರುತ್ತೆ.

ತುದಿ ಕಂದಾಗೋದಕ್ಕೆ ನೀರಿನಲ್ಲಿರುವ ಉಪ್ಪೂ ಕಾರಣ. ಈ ಗಿಡಕ್ಕೆ ಉಪ್ಪಿನಲ್ಲಿರುವ ಕ್ಲೋರೈಡ್ ಆಗಿಬರಲ್ಲ. ದಿನಾ ಅರ್ಧ ಲೋಟ ಹಾಕಿದರೆ ಮೇಲೆ ಮಾತ್ರ ನೆನೆದು ಉಪ್ಪು ಅಲ್ಲೇ ಕೂರುತ್ತೆ. ಮೇಲಿನ ಎರಡು ಇಂಚು ಒಣಗುವವರೆಗೆ ಕಾಯಿರಿ, ಆಮೇಲೆ ಅಡಿಯಿಂದ ಹರಿದು ಬರುವಷ್ಟು ಹಾಕಿ, ತಟ್ಟೆಯ ನೀರು ಚೆಲ್ಲಿಬಿಡಿ. ಮಳೆನೀರು ಸಿಕ್ಕರೆ ಅದೇ ಶ್ರೇಷ್ಠ. ವಾಟರ್ ಸಾಫ್ಟನರ್ (ಗಡಸು ನೀರನ್ನು ಉಪ್ಪಿನಿಂದ ಮೆದು ಮಾಡುವ ಯಂತ್ರ) ಇದ್ದರೆ ಆ ನೀರು ಖಂಡಿತ ಬೇಡ. ಗೊಬ್ಬರ ಏಪ್ರಿಲ್‌ವರೆಗೆ ಬೇಡವೇ ಬೇಡ.

ರೇಡಿಯೇಟರಿನಿಂದ ದೂರ, ದಕ್ಷಿಣದ ಕಿಟಕಿ ಹತ್ತಿರ ಇಡಿ, ಎಲೆ ಗಾಜಿಗೆ ತಾಗದಿರಲಿ. ರಾತ್ರಿ 10ರಿಂದ 15 ಡಿಗ್ರಿ ಇದ್ದರೆ ಗಿಡಕ್ಕೆ ಹಿತ. ಗಿಡಕ್ಕೆ ಬೆಳಕು ಕೊಡುವ ಗ್ರೋ ಲೈಟ್ ಒಂದು ಕೊಂಡರೆ ದಿನಕ್ಕೆ ಹನ್ನೆರಡು ಗಂಟೆ ಉರಿಸಿ. ದುಡ್ಡು ಹಾಕೋದಾದರೆ ಹೀಟರಿಗಲ್ಲ, ಇದಕ್ಕೆ ಹಾಕಿ. ಕೋಲಿನ ಹಾಗೆ ಉದ್ದ ಹೋಗಿರುವ ಕುಡಿಯನ್ನು ಮಾರ್ಚ್ ಕೊನೆಗೆ ಚಿವುಟಿ, ಪಕ್ಕದ ಕವಲು ಒಡೆಯುತ್ತೆ. ಹೊರಗಿಡೋದು ಇಬ್ಬನಿ ಹೆಪ್ಪುಗಟ್ಟೋ ಕಾಲ ಪೂರ್ತಿ ಮುಗಿದ ಮೇಲೆ, ಅಂದರೆ ಮೇ ಕೊನೆ ಅಥವಾ ಜೂನ್. ಮೊದಲ ಎರಡು ವಾರ ನೆರಳಲ್ಲಿಡಿ, ಒಳಗೆ ಬೆಳೆದ ಎಲೆ ನೇರ ಬಿಸಿಲಿಗೆ ಸುಡುತ್ತೆ.

ಹಣ್ಣು ಬಿಡುತ್ತಾ ಅಂತ ಕೇಳಿದ್ದೀರಿ. ಬೀಜದ ಗಿಡ ನೆಲದಲ್ಲೇ ಹಣ್ಣಿಗೆ ಬರಲು ಐದರಿಂದ ಹತ್ತು ಹದಿನೈದು ವರ್ಷ ಹಿಡಿಯಬಹುದು, ಕುಂಡದಲ್ಲಿ ಆ ಭರವಸೆ ಇನ್ನೂ ಕಡಿಮೆ. ಬಿಟ್ಟರೂ ಅದು ಹಾಸ್ ಆಗಿರಲ್ಲ. ಈ ಗಿಡವನ್ನು ಎಲೆಯ ಚೆಲುವಿಗಾಗಿ ಸಾಕಿ, ಹಣ್ಣು ಬೇಕೇ ಬೇಕು ಅಂದರೆ ಕಸಿ ಗಿಡ ಕೊಳ್ಳಿ. ಕುಂಡಕ್ಕೆ ಗಿಡ್ಡ ಜಾತಿಯ ವುರ್ಟ್ಸ್ ಒಗ್ಗುತ್ತೆ. ಚಳಿ ತಡೆಯೋದರಲ್ಲಿ ಹಾಸ್‌ಗಿಂತ ಬೇಕನ್, ಫ್ಯುಯೆರ್ಟೆ ಮೇಲು, ಮೆಕ್ಸಿಕೋಲಾ ಅವಕ್ಕಿಂತಲೂ ಗಟ್ಟಿ. ಹೂವು ಒಂದು ಸಲ ಹೆಣ್ಣಾಗಿ ಅರಳಿ ಮುಚ್ಚಿ, ಮಾರನೇ ಸಲ ಗಂಡಾಗಿ ಅರಳುತ್ತೆ. ಬೆಳಿಗ್ಗೆ ಹೆಣ್ಣಾಗಿ ಅರಳೋದು ಎ ಗುಂಪು, ಮಧ್ಯಾಹ್ನ ಹೆಣ್ಣಾಗಿ ಅರಳೋದು ಬಿ ಗುಂಪು. ವುರ್ಟ್ಸ್ ಎ, ಬೇಕನ್ ಬಿ, ಎರಡೂ ಇದ್ದರೆ ಕಾಯಿ ಕಚ್ಚುವ ಸಾಧ್ಯತೆ ಹೆಚ್ಚು. ಮನೆಯೊಳಗೆ ಜೇನು ಬರಲ್ಲವಲ್ಲ, ಮೃದುವಾದ ಬ್ರಷ್‌ನಲ್ಲಿ ಪರಾಗ ನೀವೇ ದಾಟಿಸಬೇಕು. ಹೂವಿನ ಹೊತ್ತಲ್ಲಿ ಮಾತ್ರ ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗದ ಹಾಗೆ ನೋಡ್ಕೊಳ್ಳಿ.

ಊರಿಗೆ ಹೋದಾಗ ಕೊಡಗಿನ ಕಸಿಕಡ್ಡಿ ತರ್ಲಾ ಅಂತ ಕೆಳಗೆ ಒಬ್ಬರು ಬರೆದಿದ್ದಾರೆ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ತರುವ ಹಾಗಿಲ್ಲ, ರೋಗವನ್ನೂ ಜೊತೆಗೆ ತಂದ ಹಾಗಾಗುತ್ತೆ. ಇಂಗ್ಲೆಂಡಿನ ನರ್ಸರಿಯಲ್ಲೇ ಕೇಳಿ.

ಅಕ್ಕಾ, ಹೆಂಟೆ ಹೊರತೆಗೆದಾಗ ಬೇರಿನದೊಂದು ಫೋಟೋ ಇಲ್ಲೇ ಹಾಕಿ, ಎಷ್ಟು ಕತ್ತರಿಸಬೇಕು ಅಂತ ನೋಡಿ ಹೇಳ್ತೀನಿ.