ಸಂಬಳವಿದ್ದ ಗುರು, ರಂಗವನ್ನೇ ನಂಬಿದ ಶಿಷ್ಯೆ: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಒಂದಷ್ಟು ವಿವರಗಳನ್ನು ಬದಲಿಸಿದ್ದೇನೆ. ಬರೆಯುವ ಮುಂಚೆ ಹುಡುಗಿ, ಅವಳ ಅಮ್ಮ, ಅವಳ ಗುರುಗಳು ಮೂವರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಹುಡುಗಿಯನ್ನು ಸುಧಾ ಅಂತ ಕರೆಯೋಣ. ವಯಸ್ಸು 23. ಮನೆ ಉಡುಪಿಯ ಹತ್ತಿರ. ಅಪ್ಪನಿಗೆ ಮಲ್ಪೆ ಬಂದರಿನಲ್ಲಿ ಕೆಲಸ, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಐದನೇ ಕ್ಲಾಸಿನಿಂದ ಯಕ್ಷಗಾನದ ಬಡಗುತಿಟ್ಟು ಶೈಲಿಯ ಹೆಜ್ಜೆ ಕಲಿತವಳು. ಕಾಲೇಜಿನಲ್ಲಿ ನಾಟಕದ ಹುಚ್ಚು ಹಿಡಿಯಿತು. ಬಿ.ಎ. ಮುಗಿಸಿ, ಜಿಲ್ಲೆಯ ಹೊರಗೆ ಒಂದು ವರ್ಷದ ರಂಗ ತರಬೇತಿಯನ್ನೂ ಮುಗಿಸಿ ಊರಿಗೆ ಬಂದಳು. ಇಲ್ಲಿ ಮೂರು ಶಾಲೆಗಳಲ್ಲಿ ವಾರ್ಷಿಕೋತ್ಸವದ ನಾಟಕ ಮಾಡಿಸುತ್ತಿದ್ದಳು. ಜೊತೆಗೆ ತನ್ನ ನಾಟಕದ ಗುರುಗಳ ಹವ್ಯಾಸಿ ತಂಡದಲ್ಲಿ ಭಾನುವಾರದ ಮಕ್ಕಳ ಕ್ಲಾಸು.

ಅವಳನ್ನು ಕರೆದುಕೊಂಡು ಬಂದವರು ಅಮ್ಮ. "ಇವಳು ಎರಡು ತಿಂಗಳಿಂದ ಎಲ್ಲಿಗೂ ಹೋಗುವುದಿಲ್ಲ ಮೇಡಂ. ಫೋನ್ ತೆಗೆಯುವುದಿಲ್ಲ. ಬಿ.ಎಡ್. ಮಾಡು ಅಂದರೆ ಅಳುತ್ತಾಳೆ. ಸರಿ, ನಾಟಕಕ್ಕೇ ಹೋಗು ಮಾರಾಯ್ತಿ ಅಂದರೂ ಅಳುತ್ತಾಳೆ. ಎಂತ ಮಾಡುವುದು?"

ಆದದ್ದು ಇಷ್ಟು. ಶಾಲೆಯ ಸಭಾಂಗಣದಲ್ಲಿ ಅರವತ್ತು ಮಕ್ಕಳು. ಮೈಕ್ ಇಲ್ಲ. ಹತ್ತು ವರ್ಷದ ಒಬ್ಬ ಹುಡುಗ ಪ್ರತಿಸಲವೂ ತನ್ನ ಮಾತು ಬಂದಾಗ ನಕ್ಕು, ಪಕ್ಕದವನನ್ನು ತಳ್ಳಿ, ಆಟ ಕೆಡಿಸುತ್ತಿದ್ದ. ಒಂದು ದಿನ ಸುಧಾ ಎಲ್ಲರ ಎದುರು ಅವನಿಗೆ ಜೋರಾಗಿ ಬೈದು ಹೊರಗೆ ನಿಲ್ಲಿಸಿದಳು. ರಾತ್ರಿ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಅದೇ ಮಾತು. ಮರುದಿನದಿಂದ ಅವಳು ಶಾಲೆಗೆ ಹೋಗಲಿಲ್ಲ. ಮುಂದಿನ ವಾರ ತಾಲೀಮಿನಲ್ಲಿ ಅವಳಿಗೆ ಸ್ವರವೇ ಏಳಲಿಲ್ಲ. ಕಲಿಸಲೂ ಬರುವುದಿಲ್ಲ, ನಟಿಸಲೂ ಬರುವುದಿಲ್ಲ ಅಂತ ಅವಳೇ ತೀರ್ಪು ಕೊಟ್ಟುಕೊಂಡಳು.

ಮೊದಲು ನಿದ್ದೆ, ಊಟ, ಬದುಕಿನ ಬಗ್ಗೆ ಬರುತ್ತಿದ್ದ ಯೋಚನೆ, ಎಲ್ಲವನ್ನೂ ನೇರವಾಗಿ ಕೇಳಿದೆ. ಸಾಯುವ ಯೋಚನೆ ಇರಲಿಲ್ಲ. ಇದ್ದಿದ್ದರೆ ಆ ದಿನವೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ನನಗೆ ಚಿಂತೆಯಾದದ್ದು ಸ್ವರದ ಬಗ್ಗೆ. ಮಾತಾಡುವಾಗಲೇ ಸ್ವರ ಒಡೆಯುತ್ತಿತ್ತು, ಅದೂ ತಿಂಗಳುಗಳಿಂದ. ಇದನ್ನು "ಮನಸ್ಸಿನ ಭಯ" ಅಂತ ಬಿಟ್ಟುಬಿಡಬಾರದು. ಸ್ವರ ಮೂರು ವಾರಕ್ಕಿಂತ ಜಾಸ್ತಿ ಒಡೆದೇ ಇದ್ದರೆ ಕಿವಿ ಮೂಗು ಗಂಟಲಿನ ವೈದ್ಯರು ನೋಡಲೇಬೇಕು. ನೋಡಿದರು. ಸ್ವರತಂತುಗಳ ಮೇಲೆ ಸಣ್ಣ ಗಂಟುಗಳು. ಕೂಗಿ ಕೂಗಿ ಬರುವಂಥದ್ದು. ಸ್ಪೀಚ್ ಥೆರಪಿ ಶುರುವಾಯಿತು, ಕೂಗುವುದಕ್ಕೆ ಪೂರ್ತಿ ರಜೆ. "ಹಾಗಾದರೆ ನನಗೆ ಹೆದರಿಕೆಯಿಂದ ಸ್ವರ ಹೋದದ್ದಲ್ವಾ ಮೇಡಂ?" ಅಂತ ಕೇಳಿದಳು. ಹೆದರಿಕೆಯೂ ಇತ್ತು, ಗಂಟೂ ಇತ್ತು. ಆದರೆ ತಾನು ನಾಲಾಯಕ್ಕು ಅನ್ನುವ ತೀರ್ಪಿನ ಅರ್ಧ ಭಾಗ ಅಲ್ಲೇ ಬಿದ್ದುಹೋಯಿತು.

ಇನ್ನರ್ಧ ಕಲಿಸುವುದರ ಬಗ್ಗೆ. "ನಿನಗೆ ಕಲಿಸುವುದನ್ನು ಯಾರು ಕಲಿಸಿದರು?" ಅಂತ ಕೇಳಿದೆ. ಅವಳಿಗೆ ಪ್ರಶ್ನೆಯೇ ಹೊಸದು. ನಟನೆಗೆ, ಹೆಜ್ಜೆಗೆ ಗುರುಗಳಿದ್ದರು. ಬೆಳಕು, ಪ್ರಸಾಧನ, ರಂಗಸಜ್ಜಿಕೆ ಇವನ್ನೆಲ್ಲ ತರಬೇತಿಯಲ್ಲಿ ಕಲಿತಿದ್ದಳು. ಮಕ್ಕಳನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. "ನೀನು ಚೆನ್ನಾಗಿ ಮಾಡ್ತೀಯಲ್ಲ, ಮಕ್ಕಳಿಗೂ ಹೇಳಿಕೊಡು" ಅಂದಿದ್ದರು, ಅಷ್ಟೆ.

ಹಾಗಾಗಿ ತಾನು ಕಲಿತ ರೀತಿಯಲ್ಲೇ ಕಲಿಸಿದಳು. ಯಕ್ಷಗಾನದಲ್ಲಿ ಗುರು ಕುಣಿದು ತೋರಿಸುತ್ತಾರೆ, ಶಿಷ್ಯರು ಹಾಗೇ ಕುಣಿಯುತ್ತಾರೆ, ತಪ್ಪಿದರೆ ಗದರಿಕೆ. ಆ ರೀತಿಯನ್ನು ನಾನು ಕೀಳಾಗಿ ನೋಡುವುದಿಲ್ಲ. ದಿನಾ ಗಂಟೆಗಟ್ಟಲೆ ಗುರುವಿನ ಜೊತೆ ಇರುವಲ್ಲಿ ಅದಕ್ಕೆ ಬಲ ಉಂಟು. ಗದರಿದ ಗುರುವೇ ಆಮೇಲೆ ಪಕ್ಕದಲ್ಲಿ ಕೂತು ಉಣ್ಣುತ್ತಾರೆ, ಮರುದಿನ ತಿದ್ದುತ್ತಾರೆ. ವಾರಕ್ಕೆ ಒಂದೇ ಸಲ, ನಲವತ್ತೈದು ನಿಮಿಷ ಸಿಗುವ ಮಗುವಿಗೆ ಗದರಿಕೆ ಮಾತ್ರ ನೆನಪಿರುತ್ತದೆ. ಉಳಿದದ್ದಕ್ಕೆ ಸಮಯವೇ ಇಲ್ಲ.

ಮೂರು ತಿಂಗಳು ಒಬ್ಬಳೇ ಕ್ಲಾಸು ತೆಗೆದುಕೊಳ್ಳಬೇಡ ಅಂದೆ. ಬೇರೆ ಶಾಲೆಯಲ್ಲಿ ಅನುಭವವಿದ್ದ ಒಬ್ಬ ರಂಗಶಿಕ್ಷಕಿಯ ಜೊತೆ ಸುಮ್ನೆ ಕೂತು ನೋಡು. ಆಮೇಲೆ ಹತ್ತು ನಿಮಿಷದ ಭಾಗ ಮಾತ್ರ ನೀನು ಮಾಡು. ಆಮೇಲೆ ಅರ್ಧ ಕ್ಲಾಸು. ಮುಗಿದ ತಕ್ಷಣ ಇಬ್ಬರೂ ಕೂತು ಮಾತಾಡಿ, ನೋಟ್‌ಬುಕ್‌ನಲ್ಲಿ ಬರೆದಿಡು. ಮಕ್ಕಳ ಮೈ ತಿದ್ದುವಾಗ ಮುಟ್ಟುವ ಬದಲು ಮಾಡಿ ತೋರಿಸು, ಮುಟ್ಟಲೇಬೇಕಾದರೆ ಕೇಳಿ ಮುಟ್ಟು, ಕ್ಲಾಸಿನಲ್ಲಿ ಇನ್ನೊಬ್ಬ ದೊಡ್ಡವರು ಇರಲಿ. ಮಕ್ಕಳ ಜೊತೆ ಕೆಲಸ ಮಾಡುವವರು, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯನ್ನು ಒಮ್ಮೆಯಾದರೂ ಓದಿರಬೇಕು ಅಂತಲೂ ಹೇಳಿದೆ.

ಅಲ್ಲಿ ಅವಳು ಕಂಡದ್ದನ್ನು ನಾನು ಯಾವ ಸಲಹೆಯಿಂದಲೂ ಕೊಡಲು ಆಗುತ್ತಿರಲಿಲ್ಲ. ಆ ಶಿಕ್ಷಕಿ ಮಕ್ಕಳ ಕೈಗೆ ಮೊದಲೇ ಸ್ಕ್ರಿಪ್ಟ್ ಕೊಡುವುದಿಲ್ಲ. ಕಥೆ ಹೇಳುತ್ತಾರೆ. ದೃಶ್ಯವನ್ನು ಮಕ್ಕಳು ತುಳುವಿನಲ್ಲೋ, ಬ್ಯಾರಿಯಲ್ಲೋ, ಕೊಂಕಣಿಯಲ್ಲೋ, ಕುಂದಾಪುರದ ಕನ್ನಡದಲ್ಲೋ ಆಡಲಿ ಅಂತ ಬಿಡುತ್ತಾರೆ. ದೃಶ್ಯ ಮೈಗೆ ಹತ್ತಿದ ಮೇಲೆ ಪುಸ್ತಕದ ಕನ್ನಡಕ್ಕೆ ಬರುತ್ತಾರೆ. ಸುಧಾಗೆ ಥಟ್ಟನೆ ಆ ಹುಡುಗ ನೆನಪಾದ. ಅವನದು ಮನೆಯಲ್ಲಿ ಬೇರೆ ಮಾತು. ಉದ್ದದ ಕನ್ನಡ ವಾಕ್ಯ ಬಾಯಿಗೆ ಬರುತ್ತಿರಲಿಲ್ಲ. ತಪ್ಪಿ ನಗೆಪಾಟಲಾಗುವ ಮುಂಚೆ ತಾನೇ ನಗಿಸಿಬಿಡುತ್ತಿದ್ದ.

"ಅವನ ಹತ್ತಿರ ಸಾರಿ ಕೇಳಬೇಕಾ?" ಅಂದಳು. ಕೇಳಬೇಕು. ಬೈದದ್ದು ಎಲ್ಲರ ಎದುರು, ಕೇಳುವುದೂ ಎಲ್ಲರ ಎದುರು. ಉದ್ದ ವಿವರಣೆ ಬೇಡ, ಎರಡು ಮಾತು ಸಾಕು. ಹಾಗೇ ಮಾಡಿದಳು. ಪೋಷಕರ ಗುಂಪಿಗೆ ಅವಳು ಏನೂ ಬರೆಯಬೇಕಾಗಿ ಬರಲಿಲ್ಲ. ಹುಡುಗನೇ ಮನೆಯಲ್ಲಿ ಹೇಳಿದ್ದ.

ಇಷ್ಟರಲ್ಲೇ ಮುಗಿಯುತ್ತಿತ್ತು, ಗುರುಗಳ ವಿಷಯ ಇಲ್ಲದಿದ್ದರೆ.

ಭಾನುವಾರದ ಕ್ಲಾಸಿಗೆ ಸುಧಾಗೆ ಸಂಭಾವನೆ ಇರಲಿಲ್ಲ. ತಂಡದ ನಾಟಕಕ್ಕೂ ಇಲ್ಲ, ಬಸ್ಸಿನ ಖರ್ಚು ಕೂಡ ಅವಳದೇ. ಕೇಳಲು ನಾಚಿಕೆ. "ಸರ್ ನನ್ನನ್ನು ಬೆಳೆಸಿದವರು ಮೇಡಂ, ಅವರ ಹತ್ತಿರ ದುಡ್ಡು ಕೇಳುವುದಾ?" ಬೇರೆ ತಂಡದಿಂದ ಸಂಬಳ ಕೊಡುವ ಕರೆ ಬಂದಾಗಲೂ ಹೇಳದೆ ಬಿಟ್ಟುಬಿಟ್ಟಿದ್ದಳು. ಅವಳ ಒಪ್ಪಿಗೆ ಪಡೆದು ಗುರುಗಳನ್ನು ಒಂದು ಭೇಟಿಗೆ ಕರೆದೆ.

ಒಳ್ಳೆಯ ಮನುಷ್ಯ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಸಂಜೆ ಆಫೀಸು ಬಿಟ್ಟು ನೇರ ತಾಲೀಮಿಗೆ ಬರುತ್ತಿದ್ದವರು, ತಂಡಕ್ಕೆ ಕೈಯಿಂದ ಸುರಿದವರು. "ನಮಗೆ ಯಾರು ದುಡ್ಡು ಕೊಟ್ಟಿದ್ದರು ಮೇಡಂ? ನಾವು ಹಾಗೇ ಬೆಳೆದದ್ದು" ಅಂದರು. "ಆಗ ಮನೆಗೆ ಅಕ್ಕಿ ಎಲ್ಲಿಂದ ಬರುತ್ತಿತ್ತು ಸರ್?" ಅಂತ ಕೇಳಿದೆ. "ಬ್ಯಾಂಕಿನಿಂದ" ಅಂದರು. ಅಂದವರು ಸುಧಾಳ ಕಡೆ ನೋಡಿ, "ನಿನಗೆ ಬ್ಯಾಂಕ್ ಇಲ್ಲ ಅಲ್ವಾ" ಅಂದರು.

ನಮ್ಮ ಕರಾವಳಿಯ ಹವ್ಯಾಸಿ ರಂಗಭೂಮಿಯ ಬಗ್ಗೆ ನನಗೆ ದೊಡ್ಡ ಗೌರವ ಇದೆ. 1965ರಲ್ಲಿ ಶುರುವಾದ ಉಡುಪಿಯ ರಂಗಭೂಮಿ ಸಂಸ್ಥೆ ಇವತ್ತಿಗೂ ನಾಟಕ ಸ್ಪರ್ಧೆ ನಡೆಸುತ್ತದೆ. ಇಂಥ ತಂಡಗಳ ಹಿಂದೆ ಯಾರಿದ್ದರು ಅಂತ ನೋಡಿದರೆ ಎಷ್ಟೋ ಕಡೆ ಬ್ಯಾಂಕಿನವರು, ಮಾಷ್ಟ್ರುಗಳು, ಎಲ್‌ಐಸಿಯವರು. ಇದು ಬ್ಯಾಂಕುಗಳ ನಾಡು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದವು. ತಿಂಗಳ ಸಂಬಳ ಹೊಟ್ಟೆ ನೋಡಿಕೊಂಡಿತು, ಸಂಜೆ ನಾಟಕಕ್ಕೆ ಉಳಿಯಿತು. ಆ ಪೀಳಿಗೆ ದುಡ್ಡು ಕೇಳದೆ ದುಡಿದದ್ದು ನಿಜವಾದ ಪ್ರೀತಿ. ಆದರೆ ರಂಗವೇ ಹೊಟ್ಟೆಪಾಡು ಅಂದುಕೊಂಡು ಬಂದ ಹುಡುಗಿಗೆ ಅದೇ ಪ್ರೀತಿಯನ್ನು ನಿಯಮ ಮಾಡಿದರೆ ಅವಳು ಉಳಿಯುವುದಿಲ್ಲ. ಹವ್ಯಾಸಿಯನ್ನು ಬೆಳೆಸುವುದು ಬೇರೆ, ವೃತ್ತಿಯವರನ್ನು ಬೆಳೆಸುವುದು ಬೇರೆ. ಎರಡನೆಯದಕ್ಕೆ ಗುರು ಸಂಭಾವನೆಯ ಮಾತನ್ನು ತಾನೇ ಎತ್ತಬೇಕು. ಶಿಷ್ಯೆ ಬಾಯಿಬಿಡಲಿ ಅಂತ ಕಾಯಬಾರದು.

ಅಲ್ಲೇ ಕೂತು ಒಂದು ಹಾಳೆಯಲ್ಲಿ ಬರೆದುಕೊಂಡರು. ಭಾನುವಾರದ ಕ್ಲಾಸಿಗೆ ಮಕ್ಕಳಿಂದ ಬರುವ ಫೀಸಿನಲ್ಲಿ ಅವಳ ಪಾಲು. ಪ್ರದರ್ಶನಕ್ಕೆ ಬಸ್ಸು, ಊಟ, ಸಣ್ಣ ಸಂಭಾವನೆ. ಬೇರೆ ತಂಡದ ಕರೆ ಬಂದರೆ ಒಂದು ತಿಂಗಳು ಮುಂಚೆ ತಿಳಿಸಿ ಹೋಗಬಹುದು. ಈ ಕೊನೆಯ ಮಾತನ್ನು ಗುರುಗಳೇ ಸೇರಿಸಿದರು. ನನಗೆ ತುಂಬಾ ಖುಷಿಯಾಯಿತು.

ಅಮ್ಮನಿಗೆ ಇನ್ನೊಂದು ಮಾತು ಉಳಿದಿತ್ತು. "ಮಕ್ಕಳಿಗೆ ನಾಟಕ ಕಲಿಸುವುದು ಒಂದು ಕೆಲಸವಾ?" ಅವರ ಚಿಂತೆ ನ್ಯಾಯವಾದದ್ದು. ಸುಧಾಳ ಲೆಕ್ಕ ಬರೆಸಿದಾಗ ಡಿಸೆಂಬರ್‌ನಲ್ಲಿ 22,000 ರೂಪಾಯಿ ಬಂದಿತ್ತು, ಜುಲೈನಲ್ಲಿ ಏನೂ ಇಲ್ಲ. ಇಲ್ಲಿ ಕಲಾವಿದರ ವರ್ಷ ಹಾಗೇ. ಯಕ್ಷಗಾನ ಮೇಳಗಳ ತಿರುಗಾಟವೂ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ನಿಲ್ಲುತ್ತದೆ. ಶಾಲೆಯ ವಾರ್ಷಿಕೋತ್ಸವಗಳು ಚಳಿಗಾಲದಲ್ಲಿ, ಶಿಬಿರಗಳು ಏಪ್ರಿಲ್, ಮೇಯಲ್ಲಿ. ಮಳೆಗಾಲಕ್ಕೆ ದುಡ್ಡು ಮೊದಲೇ ಎತ್ತಿಡಬೇಕು, ಓದು ಮತ್ತು ಕಲಿಕೆಯನ್ನು ಆ ತಿಂಗಳುಗಳಿಗೆ ಇಡಬೇಕು ಅಂದೆ.

ಕಲಿಸುವುದು ಸಣ್ಣ ಕೆಲಸ ಅನ್ನುವುದನ್ನು ಮಾತ್ರ ನಾನು ಒಪ್ಪಲಿಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ಎಷ್ಟು ವರ್ಷ ಕೊಟ್ಟರು ಅಂತ ಅಮ್ಮನಿಗೆ ನೆನಪಿಸಿದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ 1989ರಿಂದ ಮಕ್ಕಳಿಗಾಗಿಯೇ ಒಂದು ತಂಡ ಉಂಟು. ಸೋತ ನಟರು ಹೋಗಿ ಸೇರುವ ಜಾಗ ಅಲ್ಲ ಅದು.

ದಾರಿಗಳನ್ನೂ ನೋಡಿದೆವು. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರ ಹುದ್ದೆ ಬಹಳ ಕಡಿಮೆ. ಅದೊಂದನ್ನೇ ನಂಬಿ ಕೂರಬೇಡ ಅಂದೆ. ಬಿ.ಎಡ್. ಎರಡು ವರ್ಷ. ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳ ನಂತರ ಅದರಲ್ಲಿ ಶಿಕ್ಷಣದಲ್ಲಿ ನಾಟಕ ಮತ್ತು ಕಲೆ ಅನ್ನುವ ಪತ್ರಿಕೆಯೂ ಇದೆ. ಕನ್ನಡವನ್ನೋ ಸಮಾಜ ವಿಜ್ಞಾನವನ್ನೋ ಕಲಿಸುತ್ತಾ ಅದರೊಳಗೆ ನಾಟಕ ತರುವ ಶಿಕ್ಷಕಿ ಆಗಬಹುದು. ಕಾಲೇಜಿನಲ್ಲಿ ಕಲಿಸುವ ಆಸೆ ಇದ್ದರೆ ಸ್ನಾತಕೋತ್ತರ ಪದವಿ ಮಾಡಿ, ಪ್ರದರ್ಶನ ಕಲೆಯ ವಿಷಯದಲ್ಲೇ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿ ಬರೆಯಬಹುದು. ನಟನೆಯ ಜೊತೆ ಬೆಳಕೋ ಪ್ರಸಾಧನವೋ ಒಂದು ಕೈಕೆಲಸ ಗಟ್ಟಿ ಇದ್ದರೆ ಕರೆಗಳು ಜಾಸ್ತಿ. ಯಕ್ಷಗಾನವನ್ನು ಇನ್ನಷ್ಟು ಕಲಿಯಲು ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ. 18ರಿಂದ 25 ವರ್ಷದವರಿಗೆ ಎರಡು ವರ್ಷ ತಿಂಗಳಿಗೆ 5,000 ರೂಪಾಯಿ. ಕನಿಷ್ಠ ಐದು ವರ್ಷ ಕಲಿತಿರಬೇಕು. ಅವಳದು ಅದಕ್ಕಿಂತ ಜಾಸ್ತಿ ಆಗಿದೆ. ವಯಸ್ಸು ಮೀರುವ ಮುಂಚೆ ಹಾಕು ಅಂದೆ. ನನಗೆ ಗೊತ್ತಿರುವ ಎಷ್ಟೋ ಮಕ್ಕಳು ಯಾರೂ ಹೇಳದೆ ಇದನ್ನು ಕಳೆದುಕೊಂಡಿದ್ದಾರೆ.

ಈಗ ಸುಧಾ ಒಂದು ಶಾಲೆಯಲ್ಲಿ ಮಾತ್ರ ಕಲಿಸುತ್ತಾಳೆ. ಹೆಗಲಿಗೆ ಹಾಕುವ ಸಣ್ಣ ಮೈಕ್ ಕೊಂಡಿದ್ದಾಳೆ. ಆರು ಆರು ಮಕ್ಕಳ ಗುಂಪು ಮಾಡುತ್ತಾಳೆ. ಗಂಟಲಿನ ಗಂಟು ಇಳಿಯುತ್ತಿದೆ, ದೊಡ್ಡ ಪಾತ್ರಕ್ಕೆ ವೈದ್ಯರು ಇನ್ನೂ ಒಪ್ಪಿಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಪತ್ರವನ್ನು ಅವಳ ಯಕ್ಷಗಾನದ ಗುರುಗಳು ಬರೆದುಕೊಟ್ಟಿದ್ದಾರೆ. ಬಿ.ಎಡ್. ಈ ವರ್ಷವೋ ಮುಂದಿನ ವರ್ಷವೋ ಅನ್ನುವುದರಲ್ಲಿ ಅಮ್ಮ, ಮಗಳಿಗೆ ಇನ್ನೂ ಒಮ್ಮತ ಇಲ್ಲ. ಮುಂದಿನ ಭೇಟಿಗೆ ಇಬ್ಬರೂ ಒಟ್ಟಿಗೆ ಬರುತ್ತಾರೆ, ಲೆಕ್ಕದ ಪುಸ್ತಕ ತೆಗೆದುಕೊಂಡು.